ಕತ್ತಿಗೆ ತಕ್ಕ ಕಲ್ಲು

ಕನ್ನಡದಲ್ಲಿ ಕತ್ತಿ ಮಸೆಯುವುದೆಂದರೆ ಹಗೆ ಕಟ್ಟುವುದು. ಒಂದೇ ಪಕ್ಷದ ಇಬ್ಬರು ನಾಯಕರು ಮುನಿಸಿಕೊಂಡರೆ, ದಾಯಾದಿಗಳು ಹೊಲದ ಬದುವಿಗಾಗಿ ಕೋರ್ಟಿನ ಮೆಟ್ಟಿಲೇರಿದರೆ, ಒಬ್ಬರ ಮೇಲೊಬ್ಬರು ಕತ್ತಿ ಮಸೆಯುತ್ತಿದ್ದಾರೆ ಎನ್ನುತ್ತೇವೆ. ಆದರೆ ನಾವು ನಮ್ಮ ಬದುಕಿನಲ್ಲಿ ನಿಜವಾಗಿ ಕತ್ತಿ ಮಸೆಯುವುದನ್ನು ಕಂಡದ್ದು ಒಬ್ಬರನ್ನು ಮಾತ್ರ. ಅವರು ನಮ್ಮೂರಿನ ಕ್ಷೌರಿಕರು. ಎದುರಿಗೆ ಕುಳಿತವನಿಗೆ ನೋವಾಗದಿರಲಿ ಎಂದೇ ಅವರು ಮಸೆಯುತ್ತಿದ್ದರು. ಹರಿತವಾದ ಕತ್ತಿ ಕೂದಲನ್ನು ಕತ್ತರಿಸಿ ಸುಮ್ಮನೆ ಜಾರಿಹೋಗುತ್ತದೆ, ಮೊಂಡು ಕತ್ತಿಯೇ ಚರ್ಮವನ್ನು ಹಿಡಿದೆಳೆಯುವುದು. ಈ ಸಂಗತಿ ನಮ್ಮ ನುಡಿಗಟ್ಟಿನೊಳಗೆ ಯಾಕೆ ಸೇರಲಿಲ್ಲವೋ!

ಅವರನ್ನು ನಾವೆಲ್ಲ ಅಜ್ಜ ಎಂದೇ ಕರೆಯುತ್ತಿದ್ದೆವು. ಶುಕ್ರವಾರ ಬೆಳಿಗ್ಗೆ, ಜುಮಾ ನಮಾಝಿಗೆ ಮೊದಲು, ನಮ್ಮ ಕೇರಿಗೆ ಬಂದು ಒಂದು ಜಗಲಿಯ ಮೇಲೆ ಹಡಪ ಬಿಚ್ಚುತ್ತಿದ್ದರು. ಕ್ಷೌರದ ಸಾಮಾನಿನ ಚೀಲಕ್ಕೆ ಕನ್ನಡದಲ್ಲಿ ಹಡಪ, ನಮ್ಮ ಮನೆಯ ಉರ್ದುವಿನಲ್ಲಿ ಕಿಸ್ಬತ್. ಅದರೊಳಗೆ ಕತ್ತರಿ, ಬಾಚಣಿಗೆ, ಹಿತ್ತಾಳೆಯ ಬಟ್ಟಲು, ಪಟಕದ ತುಂಡು, ಎರಡು ಮಡಚುವ ಕತ್ತಿಗಳು, ಮತ್ತು ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ ಎರಡು ಕಲ್ಲುಗಳು. ಒಂದು ಕಂದು, ಇನ್ನೊಂದು ಹಸಿರು ಬೆರೆತ ಕಪ್ಪು. ಮಡಚಿದ ಕತ್ತಿಯನ್ನು ನಾವು ಮುಟ್ಟಿದರೆ ಅಜ್ಜ ಗದರುತ್ತಿದ್ದರಷ್ಟೆ. ಕಲ್ಲು ಮುಟ್ಟಿದರೆ ಕೈ ಮೇಲೆ ಏಟು ಬೀಳುತ್ತಿತ್ತು. "ಕತ್ತಿ ಪ್ಯಾಟ್ಯಾಗೆ ಸಿಗ್ತತಿ, ಕಲ್ಲು ಎಲ್ಲಿಂದ ತರ್ಲಿ?" ಎನ್ನುತ್ತಿದ್ದರು. ನಮ್ಮ ತಮ್ಮನ ಅಕೀಕಾದ ದಿನ ಏಳು ದಿನದ ಕೂಸಿನ ತಲೆ ಬೋಳಿಸಿದ್ದು ಅವರೇ. ಹಿಂದಿನ ಓಣಿಯ ಮಕ್ಕಳ ಜವಳ ತೆಗೆದದ್ದೂ ಅವರೇ, ಅದೇ ಕಲ್ಲಿನ ಮೇಲೆ ಮಸೆದ ಅದೇ ಕತ್ತಿಯಿಂದ.

ಅಬ್ಬಾ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಜರ್ಮನಿಯ ಸೋಲಿಂಗನ್ ಊರಿನ ಮುದ್ರೆಯಿರುವ ಒಂದು ಉಸ್ತರಾ ಸಿಕ್ಕಿತು. ತುಕ್ಕು ಹೆಚ್ಚಿರಲಿಲ್ಲ, ಹರಿತ ಮಾತ್ರ ಪೂರಾ ಹೋಗಿತ್ತು. ಅದನ್ನು ಮತ್ತೆ ಬಳಕೆಗೆ ತರುವ ಹುಚ್ಚು ನಮಗೆ ಹತ್ತಿತು. ಪೇಟೆಯಿಂದ ಎರಡು ಕೃತಕ ಕಲ್ಲು ತರಿಸಿದೆವು. ಒಂದರ ಮೇಲೆ 1000 ಎಂದೂ ಇನ್ನೊಂದರ ಮೇಲೆ 8000 ಎಂದೂ ಬರೆದಿತ್ತು. ಸಂಖ್ಯೆ ಏರಿದಷ್ಟೂ ಕಲ್ಲಿನ ಕಣ ಸಣ್ಣದು: 1000ದ ಕಲ್ಲಿನಲ್ಲಿ ಕಣ ಹತ್ತು ಹದಿನೈದು ಮೈಕ್ರಾನಿನಷ್ಟಿದ್ದರೆ, 8000ದಲ್ಲಿ ಹೆಚ್ಚುಕಡಿಮೆ ಒಂದು ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದುಬಾರಿಯಾದ ನಯದ ಕಲ್ಲಿದ್ದರೆ ಸಾಕೆಂದು ಅದರ ಮೇಲೇ ಒಂದು ವಾರ ತಿಕ್ಕಿದೆವು. ಅಲಗು ಕನ್ನಡಿಯಂತೆ ಹೊಳೆಯಿತು. ಕೆನ್ನೆಗಿಟ್ಟರೆ ಮಾತ್ರ ಕೂದಲು ಕೀಳುತ್ತಿತ್ತು, ಗದ್ದದಲ್ಲಿ ರಕ್ತ ಬಂತು. ಕಲ್ಲಿನ ವಿಚಾರವನ್ನು ಓದಲು ಶುರುಮಾಡಿದ್ದು ಆ ರಕ್ತ ಒರೆಸಿಕೊಂಡ ಮೇಲೆ.

ಉಸ್ತರಾಕ್ಕೆ ಬೇರೆಯದೇ ಕಲ್ಲು ಯಾಕೆ ಬೇಕು? ಕುಡುಗೋಲನ್ನೋ ಈಳಿಗೆಯನ್ನೋ ಮಸೆಯುವಾಗ ಯಾವ ಓರೆಯಲ್ಲಿ ಹಿಡಿಯಬೇಕೆಂಬುದನ್ನು ಕೈ ತೀರ್ಮಾನಿಸುತ್ತದೆ. ಉಸ್ತರಾದಲ್ಲಿ ಆ ತೀರ್ಮಾನ ಕತ್ತಿಯೊಳಗೇ ಇದೆ. ಅದರ ಬೆನ್ನು ದಪ್ಪ, ಬಾಯಿ ತೆಳು. ಕತ್ತಿಯನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುತ್ತವೆ, ಓರೆ ತಾನಾಗಿಯೇ ನಿಲ್ಲುತ್ತದೆ. ಹಾಗಾಗಿ ಕಲ್ಲಿಗಿರಬೇಕಾದ ಮೊದಲ ಗುಣ ಸಮತಟ್ಟು. ನಡುವೆ ಸವೆದು ಗುಳಿಬಿದ್ದ ಕಲ್ಲು ಎಷ್ಟೇ ನಯವಾಗಿದ್ದರೂ ಕತ್ತಿಯನ್ನು ಕೆಡಿಸುತ್ತದೆ. ಎರಡನೆಯದು ಏಕರೂಪ. ನೂರು ಕಣ ಸಣ್ಣದಿದ್ದು ಒಂದೇ ಒಂದು ಒರಟು ಕಣ ನುಸುಳಿದ್ದರೂ, ಆ ಒಂದು ಕಣದ ಗೀರು ಅಂಚಿನಲ್ಲಿ ಹಲ್ಲಾಗಿ ಕೂರುತ್ತದೆ, ಗಲ್ಲಕ್ಕೆ ಅದು ಗೊತ್ತಾಗುತ್ತದೆ. ಮೂರನೆಯದು ಉಕ್ಕಿಗೂ ಕಲ್ಲಿಗೂ ಇರುವ ಹೊಂದಾಣಿಕೆ. ಗಟ್ಟಿ ಉಕ್ಕನ್ನು ಕಚ್ಚದ ಕಲ್ಲು ಬರೀ ಹೊಳಪು ಕೊಡುತ್ತದೆ, ಹರಿತ ಕೊಡುವುದಿಲ್ಲ. ನಮ್ಮ ಗದ್ದದ ಮೇಲೆ ಆದದ್ದು ಇದೇ.

ಈ ಆಯ್ಕೆಯ ಮಾತು ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪ್ರಾಣ ಬಿಟ್ಟ ರೋಮಿನ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ 36ನೆಯ ಭಾಗದಲ್ಲಿ ಸಾಣೆಕಲ್ಲುಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಬಹುಕಾಲ ಕ್ರೀಟ್ ದ್ವೀಪದ ಕಲ್ಲಿಗೆ ಮೊದಲ ಸ್ಥಾನವಿತ್ತು, ಲಕೋನಿಯಾದ ಟೈಗೆಟಸ್ ಬೆಟ್ಟದ ಕಲ್ಲಿಗೆ ಎರಡನೆಯದು, ಇವೆರಡಕ್ಕೂ ಎಣ್ಣೆ ಬೇಕು. ನೀರು ಹಾಕಿ ಮಸೆಯುವವುಗಳಲ್ಲಿ ಮೊದಲು ನಕ್ಸೋಸ್‌ನದು, ಬಳಿಕ ಅರ್ಮೇನಿಯಾದ್ದು ಹೆಸರುವಾಸಿ. ಈಗಿನ ತುರ್ಕಿಯ ತೆಂಕಣ ಕರಾವಳಿಯ ಸಿಲಿಸಿಯಾದ ಕಲ್ಲು ಎಣ್ಣೆ, ನೀರು ಎರಡಕ್ಕೂ ಒಗ್ಗುತ್ತದೆ. ಇಷ್ಟು ಹೇಳಿ ಕೊನೆಗೆ ಅವನು ಇನ್ನೊಂದು ಜಾತಿಯನ್ನು ಹೆಸರಿಸುತ್ತಾನೆ: ಮನುಷ್ಯನ ಎಂಜಲು ಹಾಕಿ ಮಸೆಯುವ ಕಲ್ಲು, ಕ್ಷೌರದ ಅಂಗಡಿಯವರದು. ಮೆತ್ತಗೆ, ಪುಡಿಯಾಗುವಂಥದ್ದು, ಬೇರೆ ಕೆಲಸಕ್ಕೆ ಬಾರದು ಎಂದು ಮೂಗು ಮುರಿಯುತ್ತಾನೆ. ಆ ಜಾತಿಯಲ್ಲಿ ಒಳ್ಳೆಯದು ಸ್ಪೇನಿನಿಂದ ಬರುತ್ತದೆ ಎಂದೂ ಸೇರಿಸುತ್ತಾನೆ.

ಪ್ಲಿನಿಗೆ ಇದು ತಿರಸ್ಕಾರದ ಮಾತಾಗಿದ್ದಿರಬಹುದು, ನಮಗೆ ಮಾತ್ರ ಅದರಲ್ಲಿ ಕಸುಬಿನ ವಿವೇಕ ಕಾಣುತ್ತದೆ. ಮೆತ್ತಗಿನ ಕಲ್ಲು ತಾನೇ ಸವೆದು ತೆಳುವಾದ ಕೆಸರು ಬಿಡುತ್ತದೆ. ಆ ಕೆಸರೇ ಕತ್ತಿಯನ್ನು ನಯವಾಗಿ ತಿನ್ನುವುದು. ಕ್ರೀಟಿನ ಕಲ್ಲು ಯೋಧನಿಗೂ ಬಡಗಿಗೂ ಸರಿ, ಮನುಷ್ಯನ ಕುತ್ತಿಗೆಯ ಮೇಲೆ ಓಡಾಡುವ ಕತ್ತಿಗೆ ಇನ್ನೊಂದು ಬೇಕು ಎಂದು ಆ ಕಾಲದ ಯಾವನೋ ಹೆಸರಿಲ್ಲದ ಕ್ಷೌರಿಕ ತಿಳಿದಿದ್ದ. ಬರೆಯಬಲ್ಲವನಿಗೆ ಅದು ಕೆಲಸಕ್ಕೆ ಬಾರದ ಕಲ್ಲಾಗಿ ಕಂಡಿತು.

ನಮ್ಮ ದೇಶದಲ್ಲಿ ಈ ಮಾತು ಸಿಗುವುದು ವೈದ್ಯರ ಬಳಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಶಸ್ತ್ರಗಳಿಗೇ ಒಂದು ಅಧ್ಯಾಯವಿದೆ. ಶಸ್ತ್ರ ಮಸೆಯಲು ಉದ್ದಿನ ಕಾಳಿನ ಬಣ್ಣದ ನುಣುಪಾದ ಕಲ್ಲು, ಹರಿತವನ್ನು ನಿಲ್ಲಿಸಲು ಬೂರುಗದ ಮರದ ಹಲಗೆ ಎಂದು ಅಲ್ಲಿ ಹೇಳಿದೆ. ಸೀಳುವ ಶಸ್ತ್ರದ ಅಂಚು ಮಸೂರ ಬೇಳೆಯಷ್ಟು ತೆಳುವಿರಬೇಕು, ಕತ್ತರಿಸುವ ಶಸ್ತ್ರದ್ದು ಅರ್ಧ ಕೂದಲಿನಷ್ಟು. ರೋಮವನ್ನು ಕತ್ತರಿಸಿದರೆ ಸರಿಯಾಗಿ ಮಸೆದಂತೆ, ಆಮೇಲೆ ರೋಗಿಯ ಮೈಗೆ ಹಚ್ಚಬಹುದು. ಮುಂಗೈ ಕೂದಲಿನ ಮೇಲೆ ಕತ್ತಿಯಾಡಿಸಿ ನೋಡುವ ನಮ್ಮೂರ ಅಜ್ಜ ಸುಶ್ರುತನ ಹೆಸರನ್ನು ಕೇಳಿರಲಿಲ್ಲ. ಕ್ಷೌರಿಕರ ಪರೀಕ್ಷೆ ಗ್ರಂಥಕ್ಕೆ ಹೋಯಿತೋ, ಗ್ರಂಥದ್ದು ಕ್ಷೌರಿಕರಿಗೆ ಬಂತೋ ಎಂದು ಯಾರಾದರೂ ಕೇಳಿದರೆ ನಾವು ಮೊದಲನೆಯದರ ಕಡೆಗೇ ಕೈ ಎತ್ತುತ್ತೇವೆ. ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಈ ಗ್ರಂಥ ಬಗ್ದಾದಿಗೂ ಹೋಯಿತು. ಬರ್ಮಕೀ ಮನೆತನದ ಯಹ್ಯಾ ಬಿನ್ ಖಾಲಿದ್ ಮನ್ಕಾ ಎಂಬ ಭಾರತೀಯ ವೈದ್ಯನಿಂದ ಅದನ್ನು ಅರಬಿಗೆ ಮಾಡಿಸಿದನೆಂದು ಇಬ್ನುನ್ನದೀಮ್ ತನ್ನ ಫಿಹ್ರಿಸ್ತ್‌ನಲ್ಲಿ ದಾಖಲಿಸಿದ್ದಾನೆ. ಅರಬಿಯಲ್ಲಿ ಸಾಣೆಕಲ್ಲಿಗೆ ಮಿಸನ್ನ್ ಎಂಬ ಹೆಸರು, ಹಲ್ಲು ಎಂಬ ಪದದ ಮೂಲದಿಂದಲೇ ಹುಟ್ಟಿದ್ದು. ಪಾರಸಿಯಲ್ಲಿ ಫಸಾನ್. ಕ್ಷೌರಿಕನ ಕಲ್ಲಿಗೆ ಮಾತ್ರ ಉರ್ದುವಿನಲ್ಲಿ ಸಿಲ್ಲಿ ಎಂಬ ಪುಟ್ಟ ಹೆಸರು. ಚರ್ಮದ ಪಟ್ಟಿಗೆ ಚಮೋಟಿ.

ಯುರೋಪಿನಲ್ಲಿ ಈ ಕಲ್ಲುಗಳಿಗೆ ಊರಿನ ಹೆಸರು ಸಿಕ್ಕಿತು. ಪೂರ್ವ ಮೆಡಿಟರೇನಿಯನ್ ಬಂದರುಗಳಿಂದ ಹೋದ ಎಣ್ಣೆಯ ಕಲ್ಲನ್ನು ಇಂಗ್ಲೆಂಡಿನಲ್ಲಿ ತುರ್ಕಿ ಕಲ್ಲು ಎಂದು ಕರೆದು ಒಳ್ಳೆಯ ಬೆಲೆಗೆ ಕೊಳ್ಳುತ್ತಿದ್ದರು. ಜರ್ಮನಿಯ ತ್ಯೂರಿಂಗಿಯಾದಲ್ಲಿ ಸಿಗುತ್ತಿದ್ದುದು ಸ್ಲೇಟು, ನಾವು ಶಾಲೆಯಲ್ಲಿ ಅಕ್ಷರ ತಿದ್ದಿದ ಪಾಟಿಯ ಜಾತಿಯದೇ, ಆದರೆ ಅತಿ ನಯದ್ದು. ಅಮೆರಿಕದ ಅರ್ಕನ್ಸಾದ ಬೆಟ್ಟಗಳಲ್ಲಿ ಸಿಗುವ ಬಿಳಿಯ ಸಿಲಿಕಾ ಕಲ್ಲಿಗೆ ಭೂವಿಜ್ಞಾನಿಗಳು ನೊವಾಕ್ಯುಲೈಟ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ನಿನಲ್ಲಿ ನೊವಾಕುಲಾ ಎಂದರೆ ಕ್ಷೌರದ ಕತ್ತಿ. ಒಂದು ಶಿಲೆಗೇ ಕ್ಷೌರಿಕನ ಉಪಕರಣದ ಹೆಸರು!

ಇವುಗಳಲ್ಲೆಲ್ಲ ನಮ್ಮನ್ನು ಹೆಚ್ಚು ಬೆರಗುಗೊಳಿಸಿದ್ದು ಬೆಲ್ಜಿಯಮ್ಮಿನ ಹಳದಿ ಕಲ್ಲು. ಆರ್ಡೆನ್ಸ್ ಬೆಟ್ಟಸಾಲಿನಲ್ಲಿ ವಿಯೆಲ್ಸಾಲ್ಮ್ ಎಂಬ ಊರಿನ ಸುತ್ತಮುತ್ತ ನೆಲದೊಳಗೆ ಕೆಲವೇ ಸೆಂಟಿಮೀಟರ್ ದಪ್ಪದ ಪದರಗಳಾಗಿ, ನೀಲಿ-ನೇರಳೆ ಸ್ಲೇಟಿನ ನಡುವೆ ಇದು ಹುದುಗಿದೆ. ಸುಮಾರು 48 ಕೋಟಿ ವರ್ಷದ ಹಿಂದಿನದು. ಹೆಸರು ಕೋಟಿಕ್ಯೂಲ್, ಪುಟ್ಟ ಸಾಣೆಕಲ್ಲು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ವಿಚಿತ್ರವೆಂದರೆ ಪ್ಲಿನಿಯ ಕಾಲಕ್ಕೆ ಚಿನ್ನ ಪರೀಕ್ಷಿಸುವ ಒರೆಗಲ್ಲಿಗೂ ಇದೇ ಪದವಿತ್ತು. ನಮ್ಮಲ್ಲಿ ಒರೆಗಲ್ಲಿಗೆ ಸಾಹಿತ್ಯ ವಿಮರ್ಶೆಯವರೆಗೂ ಮರ್ಯಾದೆ ಸಿಕ್ಕಿದೆ, ಸಾಣೆಕಲ್ಲು ಹಡಪದಲ್ಲೇ ಉಳಿಯಿತು.

ಕೋಟಿಕ್ಯೂಲಿನ ಗುಟ್ಟು ಗಾರ್ನೆಟ್ ಹರಳುಗಳಲ್ಲಿದೆ. ಅವು ಐದರಿಂದ ಇಪ್ಪತ್ತು ಮೈಕ್ರಾನ್‌ನಷ್ಟು ದೊಡ್ಡವು, ಅಂದರೆ ನಾವು ತರಿಸಿದ 1000ದ ಕಲ್ಲಿನ ಕಣದಷ್ಟೇ. ಲೆಕ್ಕದ ಪ್ರಕಾರ ಅದು ಒರಟು ಕಲ್ಲಾಗಬೇಕಿತ್ತು. ಆದರೆ ಆ ಹರಳು ಹೆಚ್ಚುಕಡಿಮೆ ಗುಂಡಗಿದೆ. ಹನ್ನೆರಡು ಮುಖದ ಆ ಹರಳು ಉಕ್ಕಿನೊಳಗೆ ಆಳವಾಗಿ ಇಳಿಯದೆ ಮೇಲಿಂದ ಮೇಲೆ ಹೆರೆಯುತ್ತದೆ. ಕಲ್ಲನ್ನು ಉಜ್ಜಿ ಹಾಲಿನಂಥ ಕೆಸರು ಎಬ್ಬಿಸಿದರೆ ಬೇಗ ಕಡಿಯುತ್ತದೆ, ನೀರು ಹನಿಸುತ್ತ ಕೆಸರು ತಿಳಿಯಾಗಿಸುತ್ತ ಹೋದರೆ ಅದೇ ಕಲ್ಲು ನಯದ ಕೆಲಸಕ್ಕೆ ಇಳಿಯುತ್ತದೆ. ಒಂದೇ ಕಲ್ಲಿನಲ್ಲಿ ಹಲವು ಕಲ್ಲು. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ನೋಡಿ ಕೊಳ್ಳುವವರಿಗೆ ಈ ಕಲ್ಲು ಅರ್ಥವಾಗುವುದಿಲ್ಲ, ಬಳಸಿಯೇ ತಿಳಿಯಬೇಕು.

ಬಳಸಿ ತಿಳಿದುದನ್ನು ಬರೆದಿಟ್ಟವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಝಾನ್-ಝಾಕ್ ಪೆರೆಯದು. ಇವನು ಪಂಡಿತನಲ್ಲ, ಪ್ಯಾರಿಸ್ಸಿನಲ್ಲಿ ಚೂರಿ ಕತ್ತರಿ ಮಾಡುತ್ತಿದ್ದ ಕಸುಬುದಾರ. ತನ್ನ ಕ್ಷೌರವನ್ನು ತಾನೇ ಮಾಡಿಕೊಳ್ಳುವ ಕಲೆಯ ಬಗ್ಗೆ 1769ರಲ್ಲಿ ಪೊಗೊನೊಟೊಮಿ ಎಂಬ ಪುಸ್ತಕ ಪ್ರಕಟಿಸಿದ. ಅದರ ಉದ್ದನೆಯ ಶೀರ್ಷಿಕೆಯಲ್ಲೇ ಹರಿತ ಮಾಡಲು ತಕ್ಕ ಬಗೆಬಗೆಯ ಕಲ್ಲುಗಳನ್ನು ಗುರುತಿಸುವ ಬಗೆ ಎಂಬ ಮಾತಿದೆ, ಚರ್ಮದ ಪಟ್ಟಿಯನ್ನು ಹದಮಾಡುವ ಮಾತಿದೆ, ಕೊನೆಯಲ್ಲಿ ಮೈಯಿಂದ ರಕ್ತ ತೆಗೆಯುವ ಚಿಕಿತ್ಸೆಯ ಬಗ್ಗೆ ಒಂದು ಟಿಪ್ಪಣಿಯೂ ಇದೆ ಎಂಬ ಘೋಷಣೆಯಿದೆ.

ಕ್ಷೌರದ ಪುಸ್ತಕದಲ್ಲಿ ರಕ್ತ ತೆಗೆಯುವ ಮಾತು ಯಾಕೆಂದು ಓದುಗರು ಕೇಳಬಹುದು. ಎರಡೂ ಒಂದೇ ಕೈಯ ಕೆಲಸವಾಗಿತ್ತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘವಾದರು. 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು, ಮರ್ಯಾದೆಯನ್ನೂ ತಮ್ಮೊಂದಿಗೆ ಒಯ್ದರು. ನಮ್ಮಲ್ಲಿ ಆದದ್ದೂ ಇದಕ್ಕಿಂತ ದೂರದ್ದಲ್ಲ. ಹಜಾಮ ಎಂಬುದು ಅರಬಿಯ ಹಜ್ಜಾಮ್. ಹಿಜಾಮಾ ಎಂದರೆ ಕೊಂಬು ಅಥವಾ ಬಟ್ಟಲು ಕಟ್ಟಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸೆ, ಅದನ್ನು ಮಾಡುವವನು ಹಜ್ಜಾಮ್. ಅಬೂ ತೈಬಾ ಎಂಬ ಹಜ್ಜಾಮರಿಂದ ಪ್ರವಾದಿವರ್ಯರು(ಸ) ಈ ಚಿಕಿತ್ಸೆ ಮಾಡಿಸಿಕೊಂಡು ಕೂಲಿ ಕೊಟ್ಟದ್ದು ಹದೀಸ್‌ಗಳಲ್ಲಿದೆ. ವೈದ್ಯನ ಹೆಸರಾಗಿ ಹೊರಟ ಪದ ಉರ್ದುವಿನಲ್ಲಿ ಕ್ಷೌರಿಕನ ಹೆಸರಾಯಿತು, ಕನ್ನಡಕ್ಕೆ ಬರುವಷ್ಟರಲ್ಲಿ ಬೈಗುಳವಾಯಿತು. ಆ ಬೈಗುಳವನ್ನು ನಮ್ಮ ಜನರೂ ಕಡಿಮೆ ಬಳಸಿಲ್ಲ. ಸವಿತಾ ಸಮಾಜದವರು ಆ ಪದ ಬೇಡವೆಂದು ಹೇಳುತ್ತ ಬಂದಿರುವುದು ನ್ಯಾಯವಾದದ್ದೇ.

ಇನ್ನು ಉಕ್ಕಿನ ಮಾತು. ಇಲ್ಲಿ ನಮ್ಮ ನಾಡಿಗೆ ನೇರ ಸಂಬಂಧವಿದೆ. 1790ರ ದಶಕದಲ್ಲಿ ಬೊಂಬಾಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿಗೆ ಭಾರತದ ಉಕ್ಕಿನ ಗಟ್ಟಿಗಳನ್ನು ಕಳಿಸಿದ. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಓದಿ ಅದನ್ನು ವೂಟ್ಸ್ ಎಂದು ಕರೆದ. ನಮ್ಮ ಉಕ್ಕು ಎಂಬ ಪದವೇ ಅವರ ಬಾಯಲ್ಲಿ, ಬರವಣಿಗೆಯಲ್ಲಿ ಹೀಗೆ ತಿರುಚಿಕೊಂಡಿತೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಟಿಪ್ಪು ಸುಲ್ತಾನ್ ಹತನಾದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಟ ಶುರುಮಾಡಿದ ಫ್ರಾನ್ಸಿಸ್ ಬುಕನನ್ ಮಣ್ಣಿನ ಮೂಸೆಗಳಲ್ಲಿ ಉಕ್ಕು ಕಾಯಿಸುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಶಸ್ತ್ರವೈದ್ಯರ ಉಪಕರಣ ಮಾಡುವವನು. ವರ್ಷಗಟ್ಟಲೆ ಹೋಲಿಸಿ ನೋಡಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಇದೇ ಮೇಲು ಎಂದು ತನ್ನ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ. ಆಮೇಲೆ ಅವನು ಯುವಕ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಉಕ್ಕಿಗೆ ಬೇರೆ ಲೋಹ ಬೆರೆಸುವ ಪ್ರಯೋಗಗಳನ್ನು ಮಾಡಿ 1820 ಮತ್ತು 1822ರಲ್ಲಿ ಪ್ರಕಟಿಸಿದ. ಫ್ಯಾರಡೆ ಆ ಮಿಶ್ರಲೋಹದಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದ. ವಿದ್ಯುತ್ತಿನ ಆ ಮಹಾ ವಿಜ್ಞಾನಿಯ ಉಡುಗೊರೆ ಉಸ್ತರಾ!

ಉಕ್ಕಿನ ಈ ಕಥೆ ಈಗ ಪಠ್ಯಪುಸ್ತಕಗಳಲ್ಲಿದೆ, ಹೆಮ್ಮೆಯ ಭಾಷಣಗಳಲ್ಲಿದೆ. ಇರಲಿ. ಆದರೆ ಉಕ್ಕು ಎಷ್ಟೇ ಉತ್ತಮವಾಗಿದ್ದರೂ ಕುಲುಮೆಯಿಂದ ಹರಿತವಾಗಿ ಹೊರಬರುವುದಿಲ್ಲ. ಅದರಲ್ಲೂ ಇಂಗಾಲ ಹೆಚ್ಚಿರುವ ಗಟ್ಟಿ ಉಕ್ಕು ಸಾಮಾನ್ಯ ಕಲ್ಲಿಗೆ ಬಗ್ಗುವುದಿಲ್ಲ. ಶೆಫೀಲ್ಡ್, ಸೋಲಿಂಗನ್ ಊರುಗಳ ಕತ್ತಿ ನಮ್ಮ ಹಳ್ಳಿಗಳ ಹಡಪದೊಳಗೆ ಬಂದಾಗ ಅದರ ಜೊತೆ ಕಲ್ಲು ಬರಲಿಲ್ಲ. ಆ ಪರದೇಶದ ಉಕ್ಕನ್ನು ಯಾವ ಕಲ್ಲು ಕಚ್ಚುತ್ತದೆ ಎಂದು ಇಲ್ಲಿಯವರೇ ಹುಡುಕಿಕೊಳ್ಳಬೇಕಾಯಿತು. ಅಜ್ಜ ಕಲ್ಲು ಪರೀಕ್ಷಿಸುತ್ತಿದ್ದ ರೀತಿ ನಮಗೆ ನೆನಪಿದೆ. ಮೊದಲು ಬೆರಳ ಗೆಣ್ಣಿನಿಂದ ತಟ್ಟುವರು. ಒಳಗೆ ಬಿರುಕಿದ್ದರೆ ಸದ್ದು ಬೋಳಾಗುತ್ತದೆ. ಆಮೇಲೆ ಹೆಬ್ಬೆರಳ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆದು ಉಗುರನ್ನು ಬೆಳಕಿಗೆ ಹಿಡಿಯುವರು. ಗೀರು ಕಂಡರೆ ಅದು ಮೊದಲ ಕೆಲಸದ ಕಲ್ಲು, ಕಾಣದೆ ಹೊಳಪಷ್ಟೇ ಕಂಡರೆ ಕೊನೆಯ ಕೆಲಸದ್ದು. ಒಂದು ಹನಿ ನೀರು ಬಿಟ್ಟು ಅದು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುವರು. ಇದನ್ನೆಲ್ಲ ಅವರು ಯಾರಿಗೂ ವಿವರಿಸಲಿಲ್ಲ, ನಾವು ಕೇಳಲೂ ಇಲ್ಲ. ಪ್ಯಾರಿಸ್ಸಿನ ಕಸುಬುದಾರನಿಗೆ ಅಕ್ಷರವಿತ್ತು, ಅಚ್ಚುಕೂಟವಿತ್ತು. ನಮ್ಮ ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರು, ಉಗುರಿನ ಪರೀಕ್ಷೆಗೆ ಒಡ್ಡುತ್ತಿದ್ದ ಅದೇ ಹೆಬ್ಬೆಟ್ಟು.

ಕಲ್ಲಿನ ಕಾಲ ಮುಗಿಯಲು ಶುರುವಾದದ್ದು ಅಮೆರಿಕದಲ್ಲಿ. ಮಸೆಯಬೇಕಿಲ್ಲದ, ಮೊಂಡಾದರೆ ಎಸೆಯುವ ಬ್ಲೇಡನ್ನು ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಾಟಕ್ಕಿಟ್ಟ. ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಒಂದನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ 35 ಲಕ್ಷ ರೇಜರು, 3 ಕೋಟಿ 20 ಲಕ್ಷ ಬ್ಲೇಡು ಕೊಂಡಿತು. ಯುದ್ಧದಿಂದ ಮರಳಿದ ಸೈನಿಕರು ಮತ್ತೆ ಕಲ್ಲಿನ ಕಡೆಗೆ ತಿರುಗಿ ನೋಡಲಿಲ್ಲ. ನಮ್ಮ ಕಡೆ ಉಸ್ತರಾ ಇನ್ನೂ ಬಹಳ ಕಾಲ ನಡೆಯಿತು. ಅದನ್ನು ನಿಲ್ಲಿಸಿದ್ದು ಭಯ. 1986ರಲ್ಲಿ ಮದರಾಸಿನಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾಯಿತು. 1990ರ ದಶಕದಲ್ಲಿ ಒಬ್ಬರಿಗೆ ಬಳಸಿದ ಕತ್ತಿ ಇನ್ನೊಬ್ಬರಿಗೆ ಬೇಡ ಎಂಬ ಪ್ರಚಾರ ಹಳ್ಳಿಗಳಿಗೂ ಮುಟ್ಟಿತು. ಆ ಮಾತು ಸರಿಯಾದದ್ದು, ಅದರ ಮೇಲೆ ನಮ್ಮ ತಕರಾರಿಲ್ಲ. ಬ್ಲೇಡನ್ನು ಎರಡಾಗಿ ಮುರಿದು ಅರ್ಧವನ್ನು ಹಿಡಿಕೆಗೆ ಸಿಕ್ಕಿಸಿ, ಮುಗಿದ ಮೇಲೆ ಎಸೆಯುವ ಕ್ರಮ ಬಂತು. ಅಜ್ಜ ಆ ಕ್ರಮಕ್ಕೆ ಒಗ್ಗಿಕೊಳ್ಳಲಿಲ್ಲ. "ನನ್ನ ಕತ್ತಿಯಿಂದ ಯಾರಿಗೇನಾತು?" ಎಂದು ಒಮ್ಮೆ ನಮ್ಮ ಅಬ್ಬಾನನ್ನು ಕೇಳಿದ್ದು ನೆನಪಿದೆ. ಅಬ್ಬಾ ಏನೂ ಹೇಳದೆ ಜಗಲಿಯ ಮೇಲೆ ಹೋಗಿ ಕೂತು ಗದ್ದ ಒಡ್ಡಿದರು. ಆಮೇಲೆ ಬಹಳ ದಿನ ಅಜ್ಜ ಬರಲಿಲ್ಲ.

ಗದ್ದದ ಗಾಯ ಮಾಯ್ದ ಮೇಲೆ ನಾವು ಉಸ್ತರಾವನ್ನೂ ಎರಡೂ ಕಲ್ಲುಗಳನ್ನೂ ಚೀಲದಲ್ಲಿಟ್ಟುಕೊಂಡು ಊರಿಗೆ ಹೋದೆವು. ಅಜ್ಜನ ಮಗ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿದ್ದಾರೆ, ಕನ್ನಡಿ, ತಿರುಗುವ ಕುರ್ಚಿ, ಟೀವಿ ಎಲ್ಲ ಇದೆ. ನಮಗಿಂತ ಹಿರಿಯರು. "ಅಣ್ಣ, ಇದನ್ನೊಂದು ನೋಡಿಕೊಡಿ" ಎಂದೆವು. ಅವರು ಉಸ್ತರಾವನ್ನು ಬೆಳಕಿಗೆ ಹಿಡಿದರು, ಅಂಚನ್ನು ಉಗುರಿನ ಮೇಲೆ ಇಟ್ಟು ಜಾರಿಸಿದರು. 8000ದ ಕಲ್ಲನ್ನು ಪಕ್ಕಕ್ಕೆ ಸರಿಸಿ, "ಸಾಹೇಬ್ರೆ, ಇದರ ಕೆಲಸ ಕೊನೀಗೆ. ಎರಡೂ ಬದಿ ಬಂದು ಕೂಡಿದ ಮೇಲೆ. ನೀವು ಬುನಾದಿ ಹಾಕ್ದೆ ಸುಣ್ಣ ಹೊಡ್ದೀರಿ" ಎಂದರು. 1000ದ ಕಲ್ಲಿನ ನಡುವೆ ಆಗಲೇ ಗುಳಿ ಬಿದ್ದಿತ್ತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಅದನ್ನು ಉಜ್ಜಿ ತಟ್ಟು ಮಾಡಿದರು. ಆಮೇಲೆ ಸುಮಾರು ಅರ್ಧ ಗಂಟೆ ಆ ಒರಟು ಕಲ್ಲಿನ ಮೇಲೇ, ಬಾಯಿ ಮುಂದಾಗಿ, ಒಂದು ಬದಿಗೆ ಒಂದು ಸಲ, ಇನ್ನೊಂದು ಬದಿಗೆ ಒಂದು ಸಲ. ನಾವು ಒಂದು ವಾರ ತಿಕ್ಕಿದ ನಯದ ಕಲ್ಲಿನ ಮೇಲೆ ಅವರು ಎಳೆದದ್ದು ಮೂವತ್ತು ನಲವತ್ತು ಸಲ, ಅಷ್ಟೆ.

ಕೊನೆಗೆ ಗಲ್ಲೆಯ ಖಾನೆ ಎಳೆದು, ಬ್ಲೇಡಿನ ಪೊಟ್ಟಣಗಳ ಕೆಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದರು. ಹಸಿರು ಬೆರೆತ ಕಪ್ಪು ಕಲ್ಲು. ಇಷ್ಟು ವರ್ಷವಾದರೂ ಒಂದಿಷ್ಟೂ ಗುಳಿಯಿಲ್ಲ. ಅದರ ಮೇಲೆ ಹತ್ತು ಸಲ, ಕತ್ತಿಯ ಭಾರ ಬಿಟ್ಟರೆ ಬೇರೆ ಭಾರವಿಲ್ಲದಂತೆ. ಆಮೇಲೆ ಚಮೋಟಿ, ಅದರ ಮೇಲೆ ಬೆನ್ನು ಮುಂದಾಗಿ. ಮುಂಗೈಯ ಕೂದಲಿನ ಮೇಲೆ ಆಡಿಸಿದರೆ ಕೂದಲು ಸದ್ದಿಲ್ಲದೆ ಉದುರಿತು.

ಕಲ್ಲು ಎಲ್ಲಿಯದು ಎಂದು ಕೇಳಿದೆವು. "ಅಪ್ಪಂಗೆ ಅವ್ರಪ್ಪ ಕೊಟ್ಟಿದ್ದು" ಎಂದರು. ನಾವು ಇದನ್ನೆಲ್ಲ ಬರೆಯುತ್ತೇವೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ. ಆದ್ರ ಆ ಪದ ಹಾಕಬ್ಯಾಡ್ರಿ" ಎಂದರು. ಆ ಪದ ಎಲ್ಲಿಂದ ಬಂತೆಂದು ಹೇಳುವುದಕ್ಕಾಗಿಯೇ ಒಂದು ಕಡೆ ಹಾಕಬೇಕಾಗುತ್ತದೆ ಎಂದು ವಿವರಿಸಿದೆವು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಅಷ್ಟರಲ್ಲಿ ಕಾಲೇಜು ಹುಡುಗನೊಬ್ಬ ಬಂದು ಕುರ್ಚಿಯಲ್ಲಿ ಕುಳಿತ. ಅವರು ಕಲ್ಲನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಖಾನೆಯೊಳಗಿಟ್ಟರು, ಪೊಟ್ಟಣದಿಂದ ಹೊಸ ಬ್ಲೇಡು ತೆಗೆದು ಕಾಗದದ ಸಮೇತ ಎರಡಾಗಿ ಮುರಿದರು.